ಕೋಚ್ ಆಗುವ ಮುನ್ನ ಕಳಚಿಡಬೇಕಾದ ನಂಬಿಕೆಗಳು

ಮೊಬೈಲಿನಲ್ಲಿ ಕನ್ನಡ ವಿಡಿಯೊ ನೋಡುತ್ತಿದ್ದರೆ ನಡುನಡುವೆ ಇಂಥದ್ದೊಂದು ಜಾಹೀರಾತು ಬರುತ್ತದೆ: ‘ಲೈಫ್ ಕೋಚ್ ಆಗಿ, ಮನೆಯಲ್ಲೇ ಕೂತು ತಿಂಗಳಿಗೆ ಲಕ್ಷ ದುಡಿಯಿರಿ. ಭಾನುವಾರದ ವೆಬಿನಾರ್‌ಗೆ ಬರೀ 99 ರೂಪಾಯಿ.’ ಅದನ್ನು ಒತ್ತುವವರು ಸುಲಭದ ದುಡ್ಡಿಗೆ ಬಾಯಿಬಿಟ್ಟವರೇನಲ್ಲ. ನಲವತ್ತೈದು ದಾಟುತ್ತಿದ್ದಂತೆ ಐಟಿ ಕಂಪನಿಯಿಂದ ಹೊರಬಿದ್ದ ಮ್ಯಾನೇಜರ್, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ದುಡಿಮೆಗೆ ಮರಳಬೇಕೆನ್ನುವ ಗೃಹಿಣಿ, ಸ್ವಯಂ ನಿವೃತ್ತಿ ಪಡೆದ ಬ್ಯಾಂಕ್ ಅಧಿಕಾರಿ, ‘ಎಲ್ಲರೂ ತಮ್ಮ ಕಷ್ಟ ನನ್ನ ಹತ್ತಿರವೇ ಹೇಳಿಕೊಳ್ತಾರೆ’ ಎನ್ನುವ ಶಿಕ್ಷಕಿ. ಇವರ ಆಸೆಯಲ್ಲಿ ತಪ್ಪಿಲ್ಲ. ಕೋಚಿಂಗ್ ನಿಜವಾದ ವೃತ್ತಿ. ಸರಿಯಾಗಿ ಮಾಡಿದರೆ ಒಬ್ಬ ಮನುಷ್ಯನ ಬದುಕಿಗೂ ಒಂದು ಸಣ್ಣ ಉದ್ದಿಮೆಗೂ ಅದರಿಂದ ಗಟ್ಟಿ ಉಪಯೋಗವಿದೆ. ಆದರೆ ಈ ವೃತ್ತಿಯ ಹೊಸ್ತಿಲಲ್ಲಿ ನಿಂತವರಿಗೆ ಇವತ್ತು ಹೇಳುತ್ತಿರುವ ಮಾತುಗಳಲ್ಲಿ ಬಹಳಷ್ಟು ನಿಜವಲ್ಲ. ಅವನ್ನು ನಂಬಿ ಉಳಿತಾಯ ಕಳೆದುಕೊಂಡವರಿದ್ದಾರೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಒಳ್ಳೆಯ ಕೋಚ್ ಆಗಬಹುದಾಗಿದ್ದವರು ಆರೇ ತಿಂಗಳಲ್ಲಿ ‘ಇದು ನಮ್ಮಂಥವರಿಗಲ್ಲ’ ಎಂದು ಕೈಬಿಟ್ಟಿದ್ದಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ.

ತಪ್ಪು ಕಲ್ಪನೆ: ಕೋಚ್ ಅಂದರೆ ಒಳ್ಳೆಯ ಸಲಹೆ ಕೊಡುವವರು

ವಾಸ್ತವ: ಉಳಿದ ತಪ್ಪುಗಳೆಲ್ಲ ಹುಟ್ಟುವುದು ಈ ಒಂದರಿಂದಲೇ. ಸಲಹೆ ಕೊಡಲು ನಮ್ಮಲ್ಲಿ ಜನರಿಗೇನೂ ಬರವಿಲ್ಲ. ಮಾವ ಕೊಡುತ್ತಾರೆ, ಪಕ್ಕದ ಮನೆಯವರು ಕೊಡುತ್ತಾರೆ, ಆಡಿಟರ್ ಕೊಡುತ್ತಾರೆ, ಜ್ಯೋತಿಷಿ ಕೊಡುತ್ತಾರೆ. ಕೋಚ್ ಮಾಡುವುದು ಬೇರೆ ಕೆಲಸ. ಎದುರಿಗೆ ಕೂತವರು ತಮ್ಮ ಪರಿಸ್ಥಿತಿಯನ್ನು ತಾವೇ ಸರಿಯಾಗಿ ನೋಡಿ, ತಾವೇ ಒಂದು ತೀರ್ಮಾನಕ್ಕೆ ಬಂದು, ಅದನ್ನು ಮಾಡಿ ಮುಗಿಸುವ ತನಕ ಜೊತೆಗಿರುವುದು.

ಈ ಪದ್ಧತಿಯ ಬೇರು ಟೆನಿಸ್ ಅಂಗಳದಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಟೆನಿಸ್ ಕಲಿಸುತ್ತಿದ್ದ ಟಿಮೊಥಿ ಗಾಲ್ವೆ ಒಂದು ವಿಷಯ ಗಮನಿಸಿದರು. ‘ಮೊಣಕೈ ಹೀಗಿಡು, ಮಂಡಿ ಬಾಗಿಸು’ ಎಂದು ಹೇಳಿದಷ್ಟೂ ಆಟಗಾರರ ಮೈ ಬಿಗಿಯಾಗುತ್ತಿತ್ತು. ಹೇಳುವುದನ್ನು ಬಿಟ್ಟು ಅವರು ಒಂದು ಸಣ್ಣ ಕೆಲಸ ಕೊಟ್ಟರು: ಚೆಂಡು ನೆಲಕ್ಕೆ ಬಡಿದಾಗ ಒಂದು ಪದ, ರ‍್ಯಾಕೆಟ್‌ಗೆ ತಾಗಿದಾಗ ಇನ್ನೊಂದು ಪದ, ಬಾಯಿಬಿಟ್ಟು ಹೇಳಬೇಕು. ಗಮನವೆಲ್ಲ ಚೆಂಡಿನ ಮೇಲೆ ನಿಂತಿತು, ಹೊಡೆತ ತಾನಾಗಿ ಸರಿಹೋಗತೊಡಗಿತು. 1974ರಲ್ಲಿ ಬಂದ ಅವರ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕವನ್ನು ಆಟಗಾರರಷ್ಟೇ ಆಸಕ್ತಿಯಿಂದ ಕಂಪನಿಗಳ ಜನರೂ ಓದಿದರು. ಇಂಗ್ಲೆಂಡಿನಲ್ಲಿ ಈ ವಿಚಾರವನ್ನು ಕಚೇರಿಗಳ ಒಳಗೆ ತಂದವರಲ್ಲಿ ಮುಖ್ಯರು ಜಾನ್ ವಿಟ್‌ಮೋರ್, ಅದಕ್ಕೆ ಮುಂಚೆ ರೇಸ್ ಕಾರು ಓಡಿಸುತ್ತಿದ್ದವರು. ಎಲ್ಲಿಗೆ ಮುಟ್ಟಬೇಕು, ಈಗ ಎಲ್ಲಿದ್ದೇವೆ, ಯಾವ ದಾರಿಗಳಿವೆ, ಯಾವುದನ್ನು ಖಂಡಿತ ಮಾಡುತ್ತೇವೆ ಎಂಬ ನಾಲ್ಕು ಹಂತದ ‘ಗ್ರೋ’ ಕ್ರಮ ಜಗತ್ತಿಗೆ ಪರಿಚಯವಾಗಿದ್ದು ಮುಖ್ಯವಾಗಿ ಅವರ 1992ರ ಪುಸ್ತಕದಿಂದ.

ಇದು ನಮ್ಮಲ್ಲಿ ಹೇಗೆ ನಡೆಯುತ್ತದೆ? ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪ್ ಇದೆ ಎಂದುಕೊಳ್ಳಿ. ನಾಲ್ಕು ಸಿಎನ್‌ಸಿ ಯಂತ್ರ, ಹನ್ನೆರಡು ಜನ ಕೆಲಸಗಾರರು, ದೊಡ್ಡ ಕಂಪನಿಯೊಂದರ ಜಾಬ್ ವರ್ಕ್. ಮಾಲೀಕರು ಬಂದು ಕೂತು ಹೇಳುತ್ತಾರೆ:

‘ಬಿಲ್ ಕಳಿಸಿ ತೊಂಬತ್ತು ದಿನ ಆಯ್ತು ಮೇಡಂ. ಇವತ್ತು ನಾಳೆ ಅಂತಾನೇ ಇದಾರೆ. ಈ ತಿಂಗಳೂ ಸಂಬಳಕ್ಕೆ ಕೈಸಾಲ ಮಾಡ್ಬೇಕು.’

ಸಲಹೆಗಾರರಾದರೆ ಇಲ್ಲೇ ಶುರು ಮಾಡುತ್ತಾರೆ: 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು, ಇಲ್ಲದಿದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಿ. ಮಾಹಿತಿ ಸರಿಯಾದದ್ದೇ. ಆದರೆ ಇಷ್ಟು ವರ್ಷ ಕಾರ್ಖಾನೆ ನಡೆಸಿದವರಿಗೆ ಅದು ಗೊತ್ತಿರುವ ಮಾತೇ ಆಗಿರುತ್ತದೆ. ಗೊತ್ತಿದ್ದೂ ಅವರು ಯಾಕೆ ಸುಮ್ಮನಿದ್ದಾರೆ ಎನ್ನುವುದು ಪ್ರಶ್ನೆ. ಕೋಚ್ ಹೋಗುವುದು ಅಲ್ಲಿಗೆ.

‘ಪೇಮೆಂಟ್ ವಿಷಯ ಅವರ ಹತ್ರ ಕೊನೇ ಸಲ ಮಾತಾಡಿದ್ದು ಯಾವಾಗ ಸರ್?’

‘ನಮ್ಮ ಹುಡುಗ ವಾರಕ್ಕೊಂದ್ಸಲ ಅಕೌಂಟ್ಸ್‌ಗೆ ಫೋನ್ ಮಾಡ್ತಾನೆ.’

‘ನೀವು?’

ಸ್ವಲ್ಪ ಹೊತ್ತು ಮಾತಿಲ್ಲ. ಕೋಚ್ ಆ ಮೌನವನ್ನು ತುಂಬಲು ಹೋಗುವುದಿಲ್ಲ.

‘ನಾನು ಮಾಡಿಲ್ಲ ಮೇಡಂ. ಅಲ್ಲಿನ ಪರ್ಚೇಸ್ ಮ್ಯಾನೇಜರ್ರು ನಮಗೆ ಮೊದಲ್ನೇ ಆರ್ಡರ್ ಕೊಟ್ಟವರು. ಅವರ ಹತ್ರ ದುಡ್ಡಿನ ಮಾತು ಹೇಗೆ ಎತ್ತೋದು?’

‘ಎತ್ತಿದ್ರೆ ಏನಾಗಬಹುದು ಅನ್ನಿಸುತ್ತೆ?’

‘ಆರ್ಡರ್ ಬೇರೆ ಕಡೆ ಹೋದ್ರೆ? ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅವ್ರದ್ದೇ ಇದೆ.’

ಬಾಕಿ ಹಣದ ಸಮಸ್ಯೆ ಎಂದು ಒಳಗೆ ಬಂದದ್ದು, ಉಪಕಾರದ ಭಾರ ಮತ್ತು ಒಬ್ಬನೇ ಗಿರಾಕಿಯ ಮೇಲಿನ ಅವಲಂಬನೆ ಎಂದು ಬದಲಾಯಿತು. ಮುಂದಿನ ಅರ್ಧ ಗಂಟೆಯಲ್ಲಿ ಅವರು ಎರಡು ತೀರ್ಮಾನ ಮಾಡಬಹುದು: ಮ್ಯಾನೇಜರನ್ನು ಬುಧವಾರ ಖುದ್ದಾಗಿ ಕಾಣುವುದು, ಮೂರು ತಿಂಗಳಲ್ಲಿ ಇನ್ನಿಬ್ಬರು ಗಿರಾಕಿಗಳನ್ನು ಹುಡುಕುವುದು. ಎರಡೂ ಅವರದೇ ಮಾತು. ಹಾಗಾಗಿಯೇ ಬುಧವಾರ ಅವರು ಹೋಗುತ್ತಾರೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಇಲ್ಲಿ ಕ್ಲೈಂಟ್ ಕೋಚನ್ನು ಗುರುವಿನ ಜಾಗದಲ್ಲಿ ಕೂರಿಸಲು ತಯಾರಾಗಿಯೇ ಬರುತ್ತಾರೆ. ‘ನೀವೇ ಹೇಳ್ಬಿಡಿ ಮೇಡಂ, ನಾನೇನು ಮಾಡ್ಲಿ?’ ಆ ಜಾಗ ಹಿತವಾಗಿರುತ್ತದೆ. ಅಲ್ಲಿ ಕೂತುಬಿಟ್ಟರೆ ಕೋಚಿಂಗ್ ಮುಗಿಯಿತು. ಹೊಸಬರು ಮೊದಲ ವರ್ಷವೆಲ್ಲ ಕಲಿಯಬೇಕಾದ್ದು ಈ ಒಂದು ಸೆಳೆತವನ್ನು ತಡೆದುಕೊಳ್ಳುವುದನ್ನು. ಉತ್ತರ ನಾಲಿಗೆಯ ತುದಿಯಲ್ಲಿದ್ದಾಗಲೂ ಇನ್ನೊಂದು ಪ್ರಶ್ನೆ ಕೇಳುವುದು ಬಹಳ ಕಷ್ಟದ ಕೆಲಸ.

ತಪ್ಪು ಕಲ್ಪನೆ: ಬದುಕಿನ ಅನುಭವ ಇದ್ದರೆ ಸಾಕು, ತರಬೇತಿ ಬೇಕಿಲ್ಲ

ವಾಸ್ತವ: ಅನುಭವ ಬೇಕು. ಆದರೆ ಅದು ಅಡ್ಡಗಾಲೂ ಆಗುತ್ತದೆ. ಮೂವತ್ತು ವರ್ಷ ಜನರನ್ನು ನಡೆಸಿದವರಿಗೆ ಎದುರಿಗಿದ್ದವರ ಮಾತಿನ ಮೊದಲ ಎರಡು ವಾಕ್ಯಕ್ಕೇ ‘ಇದು ನನಗೆ ಗೊತ್ತು’ ಅನ್ನಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅವರು ಕೇಳಿಸಿಕೊಳ್ಳುವುದು ತಮ್ಮದೇ ಹಳೆಯ ಕತೆಯನ್ನು. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಒಬ್ಬರೇ ಬೆಳೆಸಿದ ತಾಯಿಗೆ ಎದುರಿಗಿರುವ ಇನ್ನೊಬ್ಬ ತಾಯಿಯ ಕಷ್ಟ ತನ್ನದರಂತೆಯೇ ಕಾಣುವುದು ಸಹಜ. ಅದು ತನ್ನದಲ್ಲ ಎಂದು ಪಕ್ಕಕ್ಕಿಡುವುದಕ್ಕೆ ಅಭ್ಯಾಸ ಬೇಕು. ಆ ಅಭ್ಯಾಸ ಒಬ್ಬರೇ ಕೂತು ಪುಸ್ತಕ ಓದಿದರೆ ಬರುವುದಿಲ್ಲ. ನೀವು ನಡೆಸಿದ ಸೆಷನ್ನನ್ನು ಕ್ಲೈಂಟಿನ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಅನುಭವಿ ಕೋಚ್ ಒಬ್ಬರು ಅದನ್ನು ಕೇಳಿ, ‘ಇಲ್ಲಿ ಅವರು ಅಳುವಿನ ಹತ್ತಿರ ಬಂದಿದ್ದರು, ನೀವು ವಿಷಯ ಬದಲಿಸಿದಿರಿ’ ಎಂದು ತೋರಿಸಬೇಕು. ಆಗ ಬೆವರು ಬರುತ್ತದೆ, ಕಲಿಕೆಯೂ ಆಗ ಶುರುವಾಗುತ್ತದೆ.

ಕೋಚಿಂಗ್‌ನಿಂದ ಪ್ರಯೋಜನವಾಗುವುದು ಯಾವುದರಿಂದ ಎಂದು ಹಲವು ವರ್ಷ ಅಧ್ಯಯನ ನಡೆಸಿದ ಸಂಶೋಧಕ ಎರಿಕ್ ಡಿ ಹಾನ್ ಮತ್ತೆ ಮತ್ತೆ ಒತ್ತಿ ಹೇಳಿರುವುದು ಒಂದೇ ವಿಷಯ: ಕೋಚ್ ಬಳಸುವ ತಂತ್ರಕ್ಕಿಂತ ಇಬ್ಬರ ನಡುವಿನ ಸಂಬಂಧದ ಗಟ್ಟಿತನ ಮುಖ್ಯ. ಆದ್ದರಿಂದ ‘ಏಳು ದಿನದಲ್ಲಿ ನಲವತ್ತು ಪವರ್‌ಫುಲ್ ಟೆಕ್ನಿಕ್’ ಕಲಿಸುವವರಿಗೆ ಹಣ ಕಟ್ಟುವ ಮುಂಚೆ ಯೋಚಿಸಿ.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಸಿಕ್ಕಿತೆಂದರೆ ಕೋಚ್ ಆದ ಹಾಗೆ

ವಾಸ್ತವ: ಭಾರತದಲ್ಲಿ ಲೈಫ್ ಕೋಚ್ ಅಥವಾ ಬಿಸಿನೆಸ್ ಕೋಚ್ ಎಂದು ಕರೆದುಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂಥ ಪರಿಷತ್ತು ಈ ವೃತ್ತಿಗಿಲ್ಲ. ಇವತ್ತು ಬೋರ್ಡು ಹಾಕಿದರೆ ಇವತ್ತೇ ಕೋಚ್. ಆ ಕಾರಣದಿಂದಲೇ ‘ಸರ್ಕಾರಿ ಮಾನ್ಯತೆ ಪಡೆದ ಲೈಫ್ ಕೋಚ್ ಲೈಸೆನ್ಸ್’ ಎಂದು ಯಾರಾದರೂ ಮಾರುತ್ತಿದ್ದರೆ ಅದನ್ನು ನಂಬಬೇಡಿ.

ಕಾನೂನು ಇಲ್ಲದ ಕಡೆ ವೃತ್ತಿಯವರೇ ಕಟ್ಟಿಕೊಂಡ ಸಂಸ್ಥೆಗಳಿವೆ. ಹೆಚ್ಚು ಪರಿಚಿತವಾದದ್ದು 1995ರಲ್ಲಿ ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಮುಂದಾಳತ್ವದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಎಲ್ಲರ ಬಾಯಲ್ಲಿ ಐಸಿಎಫ್. ಬೆಂಗಳೂರಿನಲ್ಲೂ ಅದರ ಶಾಖೆಯಿದೆ. ಯುರೋಪಿನಲ್ಲಿ ಇಎಂಸಿಸಿ ಇದೆ. ಐಸಿಎಫ್ ಕೊಡುವ ಮಾನ್ಯತೆಗೆ ಮೂರು ಮೆಟ್ಟಿಲು. ಮೊದಲನೆಯದಾದ ಎಸಿಸಿಗೆ 60 ಗಂಟೆ ತರಬೇತಿ, ಹಿರಿಯ ಕೋಚ್ ಜೊತೆ 10 ಗಂಟೆ ಮೆಂಟರಿಂಗ್, 100 ಗಂಟೆ ನಿಜವಾದ ಕ್ಲೈಂಟುಗಳ ಜೊತೆ ಕೆಲಸ. ಅದರಲ್ಲಿ 75 ಗಂಟೆ ಫೀಸು ಪಡೆದದ್ದೇ ಆಗಿರಬೇಕು. ಮೇಲೆ ಒಂದು ಪರೀಕ್ಷೆ. ಎರಡನೆಯದಾದ ಪಿಸಿಸಿಗೆ 125 ಗಂಟೆ ತರಬೇತಿ, 500 ಗಂಟೆ ಅನುಭವ. ಮೂರನೆಯದಾದ ಎಂಸಿಸಿಗೆ 200 ಗಂಟೆ ತರಬೇತಿ, 2,500 ಗಂಟೆ ಅನುಭವ. ಒಮ್ಮೆ ಪಡೆದರೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ತರಬೇತಿ ಸಂಸ್ಥೆ ಕೋರ್ಸ್ ಮುಗಿದಾಗ ಕೊಡುವ ಸರ್ಟಿಫಿಕೇಟ್ ಬೇರೆ, ಐಸಿಎಫ್ ಕೊಡುವ ಮಾನ್ಯತೆ ಬೇರೆ. ಮೊದಲನೆಯದು ಸಿಕ್ಕ ಮೇಲೂ ನೂರು ಗಂಟೆಯ ಕೆಲಸ ಬಾಕಿಯೇ ಇರುತ್ತದೆ. ಆ ನೂರು ಗಂಟೆಯ ವಿಷಯವನ್ನು ಕೋರ್ಸ್ ಮಾರುವವರು ಒತ್ತಿ ಹೇಳುವುದು ಕಡಿಮೆ. ವಾರಕ್ಕೆ ಎರಡು ಸೆಷನ್ ಸಿಕ್ಕರೂ ಸುಮಾರು ಒಂದು ವರ್ಷ ಹಿಡಿಯುತ್ತದೆ ಎಂದರೆ ವಾರಾಂತ್ಯದ ಕೋರ್ಸಿನ ಮಾತು ಎಲ್ಲಿ ನಿಲ್ಲುತ್ತದೆ?

ಹಾಗಂತ ಮಾನ್ಯತೆಯಿಲ್ಲದವರೆಲ್ಲ ಕೆಟ್ಟವರು ಎಂದೂ ಅಲ್ಲ. ಗೂಗಲ್, ಆಪಲ್‌ನ ಮುಖ್ಯಸ್ಥರಿಗೆ ದಾರಿ ತೋರಿದ ಬಿಲ್ ಕ್ಯಾಂಪ್‌ಬೆಲ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತಿದ್ದವರು. ಅವರಿಗೆ ಹೆಸರು ತಂದದ್ದು ಗೋಡೆಗೆ ನೇತುಹಾಕಿದ ಪ್ರಮಾಣಪತ್ರವಲ್ಲ. ಆದರೆ ಅವರ ಹಿಂದೆ ಇಂಟ್ಯೂಟ್ ಕಂಪನಿಯನ್ನು ನಡೆಸಿದ ಅನುಭವವಿತ್ತು. ಅಂಥ ಹಿನ್ನೆಲೆಯಿಲ್ಲದೆ ಶುರು ಮಾಡುವವರಿಗೆ, ಅದರಲ್ಲೂ ಕಂಪನಿಗಳ ಕೆಲಸ ಬೇಕೆನ್ನುವವರಿಗೆ ಮಾನ್ಯತೆಯ ದಾರಿ ಹಿಡಿಯುವುದೇ ಸರಿ. ದೊಡ್ಡ ಕಂಪನಿಗಳ ಎಚ್‌ಆರ್ ವಿಭಾಗದವರು ಅದನ್ನು ಕೇಳಿಯೇ ಕೇಳುತ್ತಾರೆ.

ತಪ್ಪು ಕಲ್ಪನೆ: ನೊಂದ ಮನಸ್ಸಿಗೆ ಕೋಚಿಂಗ್ ಮದ್ದು

ವಾಸ್ತವ: ಅಲ್ಲ. ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ತಿಂಗಳುಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ‘ನಾನಿದ್ದು ಏನು ಪ್ರಯೋಜನ’ ಎನ್ನುವ ಮಾತು ಬರುತ್ತದೆ, ಕುಡಿತ ಕೈಮೀರಿದೆ, ಮನೆಯಲ್ಲಿ ಹೊಡೆತ ಬೀಳುತ್ತಿದೆ. ಇವು ಗುರಿ ನಿಗದಿ ಮಾಡಿ ಸರಿಪಡಿಸುವ ಸಂಗತಿಗಳಲ್ಲ. ಖಿನ್ನತೆಯಲ್ಲಿರುವವರಿಗೆ ‘ಪಾಸಿಟಿವ್ ಆಗಿ ಯೋಚಿಸಿ, ಬೆಳಿಗ್ಗೆ ಐದಕ್ಕೆ ಏಳಿ’ ಎಂದು ಹೇಳುವುದು ಅವರನ್ನು ಇನ್ನಷ್ಟು ಕೆಳಕ್ಕೆ ತಳ್ಳಿದ ಹಾಗೆ. ಅವರಿಗೆ ಬೇಕಾದ್ದು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ತರಬೇತಿ ಪಡೆದ ಆಪ್ತಸಮಾಲೋಚಕರು. ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಲೈಫ್ ಕೋಚ್‌ಗೆ ಇವೆರಡೂ ಇಲ್ಲ.

ಆದ್ದರಿಂದ ಮೊದಲ ಕ್ಲೈಂಟ್ ಬರುವ ಮುನ್ನವೇ ನಿಮ್ಮ ಡೈರಿಯಲ್ಲಿ ಒಂದು ಪುಟ ತಯಾರಿರಲಿ: ನಿಮ್ಮ ಊರಿನ ಇಬ್ಬರು ಮೂವರು ಮನೋವೈದ್ಯರು, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಬೆಂಗಳೂರಾದರೆ ನಿಮ್ಹಾನ್ಸ್, ಜೊತೆಗೆ ಟೆಲಿ ಮಾನಸ್ ಸಹಾಯವಾಣಿಯ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಈ ಉಚಿತ ಸೇವೆ ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಕಳಿಸುವಾಗ ಕೈತೊಳೆದುಕೊಂಡ ಹಾಗೆ ಮಾಡಬಾರದು. ‘ನೀವು ಹೇಳ್ತಿರೋದು ಕೇಳಿದ್ರೆ ಡಾಕ್ಟರ ಸಹಾಯ ಬೇಕು ಅನ್ನಿಸ್ತಿದೆ. ಈಗಲೇ ಒಟ್ಟಿಗೆ ಫೋನ್ ಮಾಡೋಣವಾ?’ ಎಂದು ಕೇಳಿ. ಕ್ಲೈಂಟ್ ಕೈತಪ್ಪುತ್ತಾರೆ, ಫೀಸು ಹೋಗುತ್ತದೆ. ಹೋಗಲಿ.

ತಪ್ಪು ಕಲ್ಪನೆ: ಬಿಸಿನೆಸ್ ಕೋಚ್ ಆಗಲು ದೊಡ್ಡ ಉದ್ಯಮಿಯೇ ಆಗಿರಬೇಕು

ವಾಸ್ತವ: ಕೋಟಿಗಟ್ಟಲೆ ವಹಿವಾಟು ನಡೆಸಿದವರೇ ಆಗಬೇಕಿಲ್ಲ, ಆದರೆ ವ್ಯಾಪಾರದ ಮಾತು ಅರ್ಥವಾಗಬೇಕು. ಲಾಭ ನಷ್ಟದ ಪಟ್ಟಿ ಓದಲು ಬರಬೇಕು. ಉದ್ರಿ, ಸ್ಟಾಕ್, ಬ್ಯಾಂಕಿನ ಸಿಸಿ ಲಿಮಿಟ್ ಎಂದಾಗ ಮುಖ ಮುಖ ನೋಡುವಂತಿರಬಾರದು. ದಾವಣಗೆರೆಯ ಬಟ್ಟೆ ವ್ಯಾಪಾರಿಯ ವರ್ಷ ಮದುವೆ ಸೀಜನ್ ಮೇಲೆ ನಿಂತಿರುತ್ತದೆ, ಶಿರಸಿಯ ಅಡಿಕೆ ವ್ಯಾಪಾರಿಯದು ಕೊಯ್ಲಿನ ಮೇಲೆ. ಅದನ್ನು ತಿಳಿಯದವರ ಪ್ರಶ್ನೆಗಳು ಮೇಲುಮೇಲಕ್ಕೇ ತೇಲುತ್ತವೆ. ಮನೆಯ ವ್ಯಾಪಾರಗಳಲ್ಲಿ ಅಪ್ಪ ಮಗನ ನಡುವೆ, ಅಣ್ಣ ತಮ್ಮಂದಿರ ನಡುವೆ ಆಡದೆ ಉಳಿದ ಮಾತು ಹಲವು ಸಲ ಲೆಕ್ಕಪುಸ್ತಕಕ್ಕಿಂತ ದೊಡ್ಡ ಸಮಸ್ಯೆಯಾಗಿರುತ್ತದೆ. ಅಲ್ಲಿ ಕೋಚ್‌ಗೆ ನಿಜವಾದ ಕೆಲಸವಿದೆ.

ಒಂದು ಎಚ್ಚರಿಕೆ. ‘ಮನಿ ಕೋಚ್’ ಎಂದು ಹೆಸರಿಟ್ಟುಕೊಂಡು ಯಾವ ಷೇರು ಕೊಳ್ಳಬೇಕು, ಯಾವ ಫಂಡಿಗೆ ಹಾಕಬೇಕು ಎಂದು ಫೀಸು ಪಡೆದು ಹೇಳುವುದು ಹೂಡಿಕೆ ಸಲಹೆ. ಅದಕ್ಕೆ ಸೆಬಿ ನೋಂದಣಿ ಬೇಕು.

ತಪ್ಪು ಕಲ್ಪನೆ: ಮೂರು ತಿಂಗಳಲ್ಲಿ ಸಂಬಳಕ್ಕಿಂತ ಹೆಚ್ಚು ಆದಾಯ

ವಾಸ್ತವ: ಲೆಕ್ಕ ಹಾಕೋಣ. ಒಂದು ಸೆಷನ್ ಒಂದು ಗಂಟೆ. ಅದಕ್ಕೆ ತಯಾರಿ, ಆಮೇಲೆ ಟಿಪ್ಪಣಿ, ನಡುವೆ ಕ್ಲೈಂಟಿನ ಮೆಸೇಜು ಎಲ್ಲ ಸೇರಿ ಎರಡು ಗಂಟೆಯ ಕೆಲಸ. ಎಂಟು ಕ್ಲೈಂಟುಗಳು, ಹದಿನೈದು ದಿನಕ್ಕೊಂದು ಸೆಷನ್ ಎಂದರೆ ತಿಂಗಳಿಗೆ 16 ಸೆಷನ್. ಹೊಸಬರು 2,000 ರೂಪಾಯಿ ಫೀಸು ಇಟ್ಟರು ಎಂದುಕೊಂಡರೆ 32,000 ರೂಪಾಯಿ. ಇದರಲ್ಲಿ ತರಬೇತಿಗೆ ಕಟ್ಟಿದ ಹಣ, ಮೆಂಟರ್ ಫೀಸು, ಇಂಟರ್‌ನೆಟ್, ಓಡಾಟ ಕಳೆಯಬೇಕು. ಅದಕ್ಕೂ ಮೊದಲು ಆ ಎಂಟು ಜನ ಸಿಗಬೇಕು. ಇನ್ನೊಂದು ವಿಚಾರ ಯಾರೂ ಹೇಳುವುದಿಲ್ಲ: ಕೋಚಿಂಗ್ ಫಲ ಕೊಟ್ಟರೆ ಕ್ಲೈಂಟ್ ಹೊರಟುಹೋಗುತ್ತಾರೆ. ಆರು ತಿಂಗಳಿಗೆ ಅವರ ಕೆಲಸ ಮುಗಿಯಬೇಕು, ಮುಗಿಯುವುದೇ ಒಳ್ಳೆಯದು. ಅಂದರೆ ಹೊಸಬರನ್ನು ಹುಡುಕುವ ಕೆಲಸಕ್ಕೆ ಎಂದೂ ಬಿಡುವಿಲ್ಲ. ಐಸಿಎಫ್‌ನ 2023ರ ಜಾಗತಿಕ ಅಧ್ಯಯನ ಜಗತ್ತಿನಲ್ಲಿ 1,09,200 ಕೋಚ್‌ಗಳಿದ್ದಾರೆಂದು ಅಂದಾಜಿಸಿತು. 2019ಕ್ಕೆ ಹೋಲಿಸಿದರೆ ಅದು ಶೇ 54ರಷ್ಟು ಹೆಚ್ಚು. ವೃತ್ತಿ ಬೆಳೆಯುತ್ತಿದೆ ಎನ್ನುವುದಕ್ಕೂ ಪೈಪೋಟಿ ಬೆಳೆಯುತ್ತಿದೆ ಎನ್ನುವುದಕ್ಕೂ ಅದೇ ಸಂಖ್ಯೆ ಸಾಕ್ಷಿ. ಇಷ್ಟಾಗಿಯೂ ಹೆಚ್ಚಿನವರು ಬರೀ ಕೋಚಿಂಗ್‌ನಿಂದಲೇ ಬದುಕುವುದಿಲ್ಲ. ತರಬೇತಿ ಕಾರ್ಯಾಗಾರ, ಕನ್ಸಲ್ಟಿಂಗ್, ಪಾಠ ಎಲ್ಲ ಜೊತೆಗಿರುತ್ತದೆ.

ಹಾಗಾದರೆ ವೆಬಿನಾರಿನಲ್ಲಿ ತೋರಿಸುವ ಲಕ್ಷಗಳು ಎಲ್ಲಿಂದ ಬರುತ್ತವೆ? ಹಲವು ಕಡೆ ಅವು ಬರುವುದು ಕೋಚಿಂಗ್‌ನಿಂದಲ್ಲ, ಕೋಚ್ ಆಗುವುದನ್ನು ಕಲಿಸುವುದರಿಂದ. ಆ ವ್ಯಾಪಾರ ಹೇಗೆ ಸಾಗುತ್ತದೆ ನೋಡಿ. ಮೊದಲು 99 ರೂಪಾಯಿಯ ವೆಬಿನಾರ್. ಮೂರು ಗಂಟೆಯಲ್ಲಿ ಎರಡು ಗಂಟೆ ಮಾತುಗಾರರ ಕಷ್ಟದ ದಿನಗಳ ಕತೆ, ಈಗಿನ ಕಾರು, ಶಿಷ್ಯರ ಬ್ಯಾಂಕ್ ಮೆಸೇಜಿನ ಸ್ಕ್ರೀನ್‌ಶಾಟ್. ಕೊನೆಗೆ ಪರದೆಯ ಮೂಲೆಯಲ್ಲಿ ಗಡಿಯಾರ ಓಡತೊಡಗುತ್ತದೆ: ಎರಡು ಲಕ್ಷದ ಕೋರ್ಸು ಹತ್ತು ನಿಮಿಷದೊಳಗೆ ಸೇರಿದವರಿಗೆ ಐವತ್ತು ಸಾವಿರ, ಕೈಯಲ್ಲಿ ಇಲ್ಲದಿದ್ದರೆ ಇಎಂಐ. ಚಾಟ್‌ನಲ್ಲಿ ‘ಸೇರಿದೆ’, ‘ನಾನೂ ಸೇರಿದೆ’ ಎಂಬ ಸಾಲುಗಳು ಸುರಿಯುತ್ತವೆ. ಕೋರ್ಸ್ ಮುಗಿದ ಮೇಲೆ ಸೇರಿದವರಿಗೆ ಹೇಳಿಕೊಡುವುದು ಇದನ್ನೇ, ಅವರೂ ಒಂದು ವೆಬಿನಾರ್ ಮಾಡಬೇಕು, ಅವರೂ ಕೋಚ್‌ಗಳನ್ನು ತಯಾರು ಮಾಡಬೇಕು. ಈ ಸರಪಳಿಯಲ್ಲಿ ತನ್ನ ಕಷ್ಟ ಪರಿಹರಿಸಿಕೊಳ್ಳಲು ಬಂದ ಸಾಮಾನ್ಯ ಕ್ಲೈಂಟ್ ಎಲ್ಲೂ ಇಲ್ಲ. ಕೊನೆಯ ಕೊಂಡಿಯಲ್ಲಿರುವವರಿಗೆ ಉಳಿಯುವುದು ಇಎಂಐ ಮಾತ್ರ. ಇದನ್ನು ಕೋಚಿಂಗ್ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಕೆಲಸದಲ್ಲಿರುವವರು ಕೆಲಸ ಬಿಡದೆ ಶುರು ಮಾಡಿ. ಸಂಜೆ, ಶನಿವಾರ ಸಾಕು. ಹೊಟ್ಟೆಪಾಡಿನ ಆತಂಕ ಹೊತ್ತು ಕೂತ ಕೋಚ್‌ಗೆ ಎದುರಿನವರ ಮಾತು ಪೂರ್ತಿ ಕೇಳಿಸುವುದಿಲ್ಲ. ‘ಇವರು ಇನ್ನೊಂದು ಪ್ಯಾಕೇಜ್ ತಗೊಳ್ತಾರಾ’ ಎನ್ನುವ ಲೆಕ್ಕವೇ ತಲೆಯಲ್ಲಿ ಓಡುತ್ತಿರುತ್ತದೆ. ಕಂಪನಿಯ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರಿನಲ್ಲಿ ಹೊರಗಿನ ಆದಾಯದ ಬಗ್ಗೆ ಏನಿದೆ ಎಂದು ಮೊದಲು ಓದಿಕೊಳ್ಳಿ.

ತಪ್ಪು ಕಲ್ಪನೆ: ಮೊದಲು ಫಾಲೋವರ್ಸ್, ಆಮೇಲೆ ಕ್ಲೈಂಟು

ವಾಸ್ತವ: ಮೊದಲ ಹತ್ತು ಕ್ಲೈಂಟುಗಳು ರೀಲ್ಸ್ ನೋಡಿ ಬರುವುದು ಅಪರೂಪ. ಅವರು ನಿಮ್ಮ ಹಳೆಯ ಸಹೋದ್ಯೋಗಿಗಳು, ಅವರ ಪರಿಚಿತರು, ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ನಿಮ್ಮ ಸಂಘದ ಸದಸ್ಯರು. ಬಿಸಿನೆಸ್ ಕೋಚ್ ಆಗುವವರು ಊರಿನ ವಾಣಿಜ್ಯ ಸಂಘದ ಸಭೆಗೆ, ಬೆಂಗಳೂರಾದರೆ ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘದ ಕಾರ್ಯಕ್ರಮಗಳಿಗೆ ಹೋಗಿ ಸುಮ್ಮನೆ ಕೂತು ಕೇಳಲಿ. ಉದ್ಯಮಿಗಳು ಯಾವುದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ ಎಂದು ಒಂದು ಸಂಜೆಯಲ್ಲಿ ತಿಳಿಯುವಷ್ಟು ಒಂದು ತಿಂಗಳು ಪೋಸ್ಟ್ ಹಾಕಿದರೂ ತಿಳಿಯದು.

ತಪ್ಪು ಕಲ್ಪನೆ: ಪರಿಚಯದವರ ಹತ್ತಿರ ಫೀಸು ಕೇಳಬಾರದು

ವಾಸ್ತವ: ಇದು ನಮ್ಮವರನ್ನು ಬಹಳ ಕಾಡುವ ಸಂಕೋಚ. ಮೊದಲ ಕೆಲವು ಸೆಷನ್ ಅಭ್ಯಾಸಕ್ಕೆಂದು ಉಚಿತವಾಗಿ ಮಾಡಿ, ‘ನಾನು ಕಲಿಯುತ್ತಿದ್ದೇನೆ’ ಎಂದು ಹೇಳಿಯೇ ಮಾಡಿ. ಅದಕ್ಕೊಂದು ಮಿತಿಯಿರಲಿ. ಆಮೇಲೆ ಚಿಕ್ಕದಾದರೂ ಫೀಸು ಇರಲಿ. ದುಡ್ಡು ಕೊಟ್ಟವರು ಹೇಳಿದ ಹೊತ್ತಿಗೆ ಬರುತ್ತಾರೆ, ಒಪ್ಪಿಕೊಂಡದ್ದನ್ನು ಮಾಡಿಕೊಂಡು ಬರುತ್ತಾರೆ. ಪುಕ್ಕಟೆ ಸೆಷನ್ ‘ಇವತ್ತು ನೆಂಟರು ಬಂದಿದ್ದಾರೆ’ ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಫೀಸು ಎಷ್ಟು, ಎಷ್ಟು ಸೆಷನ್, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ಹಣ ಏನಾಗುತ್ತದೆ ಎಂದು ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹೆಂಡತಿ, ಮಕ್ಕಳು, ಒಡಹುಟ್ಟಿದವರು, ತೀರಾ ಹತ್ತಿರದ ಗೆಳೆಯರು ಇವರಿಗೆ ಮಾತ್ರ ಕೋಚ್ ಆಗಲು ಹೋಗಬೇಡಿ. ಅವರ ತೀರ್ಮಾನದಲ್ಲಿ ನಿಮ್ಮ ಪಾಲೂ ಇರುತ್ತದೆ.

ತಪ್ಪು ಕಲ್ಪನೆ: ಗುಟ್ಟು ಕಾಪಾಡುವುದು ದೊಡ್ಡ ವಿಷಯವೇನಲ್ಲ

ವಾಸ್ತವ: ಈ ವೃತ್ತಿ ನಿಂತಿರುವುದೇ ಅದರ ಮೇಲೆ. ಕಂಪನಿ ಹಣ ಕೊಟ್ಟು ತನ್ನ ಮ್ಯಾನೇಜರಿಗೆ ಕೋಚ್ ನೇಮಿಸಿದಾಗ ಸಮಸ್ಯೆ ಮೊದಲ ತಿಂಗಳಲ್ಲೇ ಬರುತ್ತದೆ. ಎಚ್‌ಆರ್ ಮುಖ್ಯಸ್ಥರು ಕಾಫಿಗೆ ಕರೆದು ‘ಅವರು ಕೆಲಸ ಬಿಡೋ ಯೋಚನೇಲಿದಾರಾ?’ ಎಂದು ಸಹಜವಾಗಿ ಕೇಳುತ್ತಾರೆ. ಆಗ ಉತ್ತರ ಹುಡುಕಿದರೆ ತಡವಾಯಿತು. ಶುರುವಿಗೇ ಮೂವರೂ ಒಟ್ಟಿಗೆ ಕೂತು ಗೆರೆ ಎಳೆದುಕೊಳ್ಳಬೇಕು: ಗುರಿಗಳೇನು, ಎಷ್ಟು ಸೆಷನ್ ಆಗಿದೆ ಎನ್ನುವುದು ಕಂಪನಿಗೆ ತಿಳಿಯುತ್ತದೆ, ಒಳಗೆ ಆಡಿದ ಮಾತು ತಿಳಿಯುವುದಿಲ್ಲ. ಜೀವಕ್ಕೆ ಅಪಾಯವಿರುವಾಗ, ಕಾನೂನು ಕೇಳಿದಾಗ ಮಾತ್ರ ಈ ಗುಟ್ಟಿಗೆ ವಿನಾಯಿತಿ ಎನ್ನುವುದನ್ನೂ ಮೊದಲೇ ಹೇಳಿರಬೇಕು.

ಸಣ್ಣ ಊರುಗಳಲ್ಲಿ ಇದು ಇನ್ನೂ ಬಿಗಿ. ತಿಪಟೂರಿನಲ್ಲೋ ಸಾಗರದಲ್ಲೋ ನಿಮ್ಮ ಕ್ಲೈಂಟಿನ ಭಾವಮೈದ ನಿಮ್ಮ ಪಕ್ಕದ ಬೀದಿಯಲ್ಲೇ ಇರುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ‘ನಮ್ಮ ಹುಡುಗ ನಿಮ್ಮ ಹತ್ರ ಬರ್ತಾನಂತಲ್ಲ, ಹೇಗಿದಾನೆ?’ ಎನ್ನುತ್ತಾರೆ. ಬರುತ್ತಾನೆ ಎನ್ನುವುದನ್ನೂ ನೀವು ಒಪ್ಪಿಕೊಳ್ಳುವಂತಿಲ್ಲ. ಹೆಸರು ತೆಗೆದು ಹೇಳಿದ ಕತೆಯೂ ಸಣ್ಣ ಊರಿನಲ್ಲಿ ಯಾರದೆಂದು ಗೊತ್ತಾಗುತ್ತದೆ. ಕ್ಲೈಂಟಿನ ಒಪ್ಪಿಗೆಯಿಲ್ಲದೆ ‘ಯಶೋಗಾಥೆ’ ಎಂದು ಸ್ಟೇಟಸ್ ಹಾಕಿದವರು ಆ ಊರಿನಲ್ಲಿ ಮತ್ತೆ ನಂಬಿಕೆ ಗಳಿಸುವುದು ಕಷ್ಟ.

ತಪ್ಪು ಕಲ್ಪನೆ: ಇಂಗ್ಲಿಷ್ ಚೆನ್ನಾಗಿ ಬರದಿದ್ದರೆ ಕೋಚ್ ಆಗಲು ಸಾಧ್ಯವಿಲ್ಲ

ವಾಸ್ತವ: ತರಬೇತಿಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಓದಿ ಅರ್ಥ ಮಾಡಿಕೊಳ್ಳುವಷ್ಟು ಬೇಕು. ಆದರೆ ಜನ ಭಯ, ನಾಚಿಕೆ, ಸಿಟ್ಟು ಹೇಳಿಕೊಳ್ಳುವುದು ಅವ್ವನ ಭಾಷೆಯಲ್ಲಿ. ಬೆಂಗಳೂರಿನ ಕಂಪನಿಯಲ್ಲಿ ದಿನವೆಲ್ಲ ಇಂಗ್ಲಿಷಿನಲ್ಲೇ ಮಾತಾಡುವ ಮಂಡ್ಯದ, ಕಲಬುರಗಿಯ ಮ್ಯಾನೇಜರು ಕೂಡ ನಿಜವಾದ ವಿಷಯಕ್ಕೆ ಬಂದಾಗ ಕನ್ನಡಕ್ಕೆ ತಿರುಗುತ್ತಾರೆ. ಅಮೆರಿಕ, ದುಬೈನಲ್ಲಿರುವ ಕನ್ನಡಿಗರಿಗೂ ಆನ್‌ಲೈನ್‌ನಲ್ಲಿ ಸಿಗುವ ಕನ್ನಡದ ಕೋಚ್ ದೊಡ್ಡ ಅನುಕೂಲ. ಬೆಳಗಾವಿಯ ಫೌಂಡ್ರಿ ಮಾಲೀಕರಿಗೆ, ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಗೆ ಅವರದೇ ಧಾಟಿಯಲ್ಲಿ ಮಾತಾಡುವ ಕೋಚ್‌ಗಳು ಇನ್ನೂ ಬೇಕಾಗಿದ್ದಾರೆ. ವಯಸ್ಸಿನಲ್ಲಿ ಹಿರಿಯರಾದ ಕ್ಲೈಂಟಿಗೆ ‘ಯಾಕೆ ಹಾಗೆ ಮಾಡಿದ್ರಿ?’ ಎಂದರೆ ಜವಾಬು ಕೇಳಿದಂತಾಗುತ್ತದೆ. ‘ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?’ ಎಂದರೆ ಬಾಗಿಲು ತೆರೆಯುತ್ತದೆ. ಈ ಸೂಕ್ಷ್ಮ ಇಲ್ಲಿ ಹುಟ್ಟಿ ಬೆಳೆದವರಿಗೆ ಬರುವಷ್ಟು ಸಲೀಸಾಗಿ ಬೇರೆಯವರಿಗೆ ಬರುವುದಿಲ್ಲ.

ತಪ್ಪು ಕಲ್ಪನೆ: ಕಂಪನಿ, ಕಚೇರಿ, ಜಿಎಸ್‌ಟಿ ಎಲ್ಲ ಆದ ಮೇಲೇ ಶುರು ಮಾಡಬೇಕು

ವಾಸ್ತವ: ಬೇಕಿಲ್ಲ. ನಿಮ್ಮ ಪಾನ್ ಕಾರ್ಡಿನ ಹೆಸರಿನಲ್ಲೇ ಏಕಮಾಲೀಕತ್ವದಲ್ಲಿ ಶುರು ಮಾಡಬಹುದು. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಅದಕ್ಕೆ ದುಡ್ಡು ಕೇಳುವವರಿಂದ ದೂರವಿರಿ. ಕೋಚಿಂಗ್‌ಗೆಂದೇ ಬೇರೆ ಬ್ಯಾಂಕ್ ಖಾತೆ, ಪ್ರತಿ ಫೀಸಿಗೂ ರಸೀದಿ, ವರ್ಷಕ್ಕೊಮ್ಮೆ ಆಡಿಟರ ಭೇಟಿ, ಮೊದಲ ವರ್ಷಕ್ಕೆ ಇಷ್ಟು ಸಾಕು. ಜಾಹೀರಾತಿನಲ್ಲಿ ‘ಗ್ಯಾರಂಟಿ’ ಎಂಬ ಪದ ಬೇಡವೇ ಬೇಡ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಕಾನೂನು ಇಲ್ಲದಿದ್ದರೂ, ಇನ್ನೊಬ್ಬರು ತಮ್ಮ ಬದುಕಿನಲ್ಲಿ ಏನು ಮಾಡುತ್ತಾರೆ ಎನ್ನುವುದಕ್ಕೆ ನಾವು ಗ್ಯಾರಂಟಿ ಕೊಡುವುದು ಹೇಗೆ?

ಈಗಾಗಲೇ ಯಾವುದಾದರೂ ಕೋರ್ಸಿನ ಲಿಂಕ್ ನಿಮ್ಮ ವಾಟ್ಸ್ಆ್ಯಪ್‌ಗೆ ಬಂದಿದ್ದರೆ ಹಣ ಕಟ್ಟುವ ಮುಂಚೆ ಅವರಿಗೆ ಐದು ಪ್ರಶ್ನೆ ಕಳಿಸಿ. ನಿಮ್ಮ ಕೋರ್ಸಿಗೆ ಯಾವ ಸಂಸ್ಥೆಯ ಮಾನ್ಯತೆಯಿದೆ, ಅದು ಆ ಸಂಸ್ಥೆಯ ಜಾಲತಾಣದ ಪಟ್ಟಿಯಲ್ಲಿ ಕಾಣುತ್ತದೆಯೇ? ನಾನು ನಡೆಸಿದ ಸೆಷನ್ನನ್ನು ಅನುಭವಿ ಕೋಚ್ ಕೇಳಿ ತಿದ್ದುವುದು ಎಷ್ಟು ಸಲ? ಪಾಠ ಮಾಡುವವರಿಗೆ ಕೋಚ್‌ಗಳಲ್ಲದ ಕ್ಲೈಂಟುಗಳು ಈಗಲೂ ಇದ್ದಾರೆಯೇ? ಎರಡು ವರ್ಷದ ಹಿಂದೆ ಕಲಿತ ಇಬ್ಬರ ಜೊತೆ, ನಾನೇ ಆರಿಸಿದವರ ಜೊತೆ, ಮಾತಾಡಬಹುದೇ? ಎರಡನೇ ವಾರದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್? ಉತ್ತರ ಬರವಣಿಗೆಯಲ್ಲಿ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ.